ಹಳೆಯ ಊರುಗಳ ನಕ್ಷೆ: ನಡೆದು ನೋಡಿದ್ದೆಷ್ಟು ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

‘ಕಾಡಿನಡಿ ಅಡಗಿದ್ದ ನಗರ ಪತ್ತೆ’, ‘ಉಪಗ್ರಹದ ಕಣ್ಣಿಗೆ ಬಿದ್ದ ಸಾವಿರ ವರ್ಷದ ಊರು’ ಎಂಬಂಥ ತಲೆಬರಹಗಳು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತಿವೆ. ಪುರಾತತ್ತ್ವಕ್ಕೆ ಇಷ್ಟು ಜಾಗ ಸಿಗುತ್ತಿರುವುದು ಸಂತೋಷದ ವಿಷಯ. ಆದರೆ ಈ ವರದಿಗಳಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಪ್ರತಿ ಸಲವೂ ಬಿಟ್ಟುಹೋಗುತ್ತವೆ. ಪರದೆಯ ಮೇಲೆ ಗುರುತಿಸಿದ ನೆಲೆಗಳಲ್ಲಿ ಎಷ್ಟನ್ನು ಯಾರಾದರೂ ಹೋಗಿ ನೋಡಿದ್ದಾರೆ ಎಂಬುದು ಒಂದು. ನಕ್ಷೆಯಲ್ಲಿ ಖಾಲಿ ಕಾಣುವ ಜಾಗದಲ್ಲಿ ಎಷ್ಟು ಭಾಗವನ್ನು ಯಾರೂ ಹುಡುಕಿಯೇ ಇಲ್ಲ ಎಂಬುದು ಇನ್ನೊಂದು. ಇವೆರಡೂ ಗೊತ್ತಿಲ್ಲದಿದ್ದರೆ ‘ಆರು ಸಾವಿರ ಕಟ್ಟಡ’, ‘ಲಕ್ಷ ಜನಸಂಖ್ಯೆ’ ಎಂಬ ಅಂಕಿಗಳನ್ನು ತೂಗಿ ನೋಡಲು ಓದುಗರಿಗೆ ದಾರಿಯೇ ಇರುವುದಿಲ್ಲ. ಈ ನಕ್ಷೆಗಳು ಹೇಗೆ ತಯಾರಾಗುತ್ತವೆ, ಎಲ್ಲೆಲ್ಲಿ ಕೈಕೊಡುತ್ತವೆ ಎಂಬುದನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ. ನಮ್ಮ ಕೋರಿಕೆಯ ಹಿಂದಿನ ಕಾರಣ ಅದರಿಂದ ತಿಳಿಯುತ್ತದೆ.

2016ರ ಮೇ ತಿಂಗಳಲ್ಲಿ, ಕೆನಡಾದ ಒಬ್ಬ ಹುಡುಗ ನಕ್ಷತ್ರಪುಂಜಗಳ ಜೋಡಣೆಯ ಜಾಡು ಹಿಡಿದು ಮೆಕ್ಸಿಕೊದ ಕಾಡಿನಲ್ಲಿ, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ನಗರವೊಂದನ್ನು ಕಂಡುಹಿಡಿದನೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಉಪಗ್ರಹ ಚಿತ್ರದಲ್ಲಿದ್ದ ಚೌಕವನ್ನು ನೋಡಿದ ಮಾಯಾ ತಜ್ಞರು, ಅದು ಬೀಳುಬಿಟ್ಟ ಮೆಕ್ಕೆಜೋಳದ ಹೊಲ ಇರಬೇಕೆಂದರು. ಹುಡುಗನ ಕುತೂಹಲ ಮೆಚ್ಚುವಂಥದ್ದೇ. ಯಾರೂ ಆ ಸ್ಥಳಕ್ಕೆ ಕಾಲಿಡುವ ಮೊದಲೇ ‘ಪತ್ತೆ’ ಎಂದು ಬರೆದದ್ದು ಮಾತ್ರ ತಪ್ಪು. ನೇರ ಗೆರೆಯೋ ಚೌಕವೋ ಕಂಡರೆ ಅದು ಮನುಷ್ಯನ ಕೈಕೆಲಸ ಎಂದು ಊಹಿಸಬಹುದು. ಯಾವ ಕಾಲದ ಮನುಷ್ಯನದು ಎಂದು ಚಿತ್ರ ಹೇಳುವುದಿಲ್ಲ. ಐವತ್ತು ವರ್ಷದ ಹಿಂದೆ ಕಟ್ಟಿ ಬಿಟ್ಟ ದನದ ದೊಡ್ಡಿ, ಮುಚ್ಚಿಹೋದ ಕಲ್ಲುಗಣಿ, ಹಳೆಯ ಇಟ್ಟಿಗೆ ಗೂಡು, ಹೊಲದ ಬದು, ಇವೆಲ್ಲವೂ ಮೇಲಿನಿಂದ ನೋಡುವಾಗ ಪ್ರಾಚೀನ ಅಡಿಪಾಯದಂತೆಯೇ ಕಾಣುತ್ತವೆ.

ಹಾಗೆಂದು ಈ ತಂತ್ರಜ್ಞಾನವನ್ನು ಹಗುರವಾಗಿ ಕಾಣುವಂತಿಲ್ಲ. ಬೆಲೀಜ್ ದೇಶದ ಕರಕೋಲ್ ಎಂಬ ಮಾಯಾ ನಗರದಲ್ಲಿ ಸುಮಾರು 25 ವರ್ಷ ಕಾಲ್ನಡಿಗೆಯಲ್ಲಿ ದುಡಿದು ನಕ್ಷೆ ಮಾಡಿದ್ದು 23 ಚದರ ಕಿಲೋಮೀಟರ್. 2009ರಲ್ಲಿ ವಿಮಾನದಿಂದ ಲೇಸರ್ ಹಾಯಿಸಿ, ಅಂದರೆ ಲೈಡಾರ್ ಬಳಸಿ, ಕೆಲವೇ ದಿನಗಳಲ್ಲಿ 200 ಚದರ ಕಿಲೋಮೀಟರ್ ಅಳೆಯಲಾಯಿತು. ಆ ಫಲಿತಾಂಶವನ್ನು ನಂಬುವಂತಾದದ್ದು ಮೊದಲಿನ 23 ಚದರ ಕಿಲೋಮೀಟರ್ ಕೈಯಲ್ಲಿದ್ದುದರಿಂದ. ನೆಲದಲ್ಲಿ ಅಳೆದ ಜಗಲಿ, ಮೆಟ್ಟಿಲು ಹೊಲ, ರಸ್ತೆಗಳು ಲೇಸರ್ ನಕ್ಷೆಯಲ್ಲಿ ಹೇಗೆ ಕಾಣುತ್ತವೆ, ಯಾವುದು ಕಾಣುವುದೇ ಇಲ್ಲ ಎಂದು ತಾಳೆ ನೋಡಲು ಸಾಧ್ಯವಾಯಿತು. ಈಕ್ವೆಡಾರಿನ ಉಪಾನೊ ಕಣಿವೆಯದೂ ಇದೇ ಬಗೆ. 2024ರ ಜನವರಿಯಲ್ಲಿ, 300 ಚದರ ಕಿಲೋಮೀಟರಿನಲ್ಲಿ 6,000ಕ್ಕೂ ಹೆಚ್ಚು ಮಣ್ಣಿನ ಜಗಲಿಗಳು, ಅವುಗಳನ್ನು ಬೆಸೆಯುವ ನೇರ ರಸ್ತೆಗಳು ಇವೆಯೆಂಬ ವರದಿ ಬಂತು. ಅಲ್ಲಿನ ವಸತಿ ಕ್ರಿ.ಪೂ. 500ರ ಸುಮಾರಿಗೆ ಶುರುವಾಯಿತು ಎಂದು ಹೇಳಲು ಆಧಾರವಾದದ್ದು ಅದೇ ಕಣಿವೆಯಲ್ಲಿ ಅದಕ್ಕೂ ಮೊದಲು ನಡೆದಿದ್ದ ಉತ್ಖನನ. ಲೇಸರಿಗೆ ಎತ್ತರ ತಿಳಿಯುತ್ತದೆ, ಕಾಲ ತಿಳಿಯುವುದಿಲ್ಲ.

ಅದೇ ವರ್ಷ ಮೆಕ್ಸಿಕೊದ ಕಾಂಪೆಚೆ ರಾಜ್ಯದಿಂದ ವಲೇರಿಯಾನ ಎಂಬ ನಗರದ ಸುದ್ದಿ ಬಂತು. ಕಾಡಿನ ಇಂಗಾಲದ ಅಳತೆಗೆಂದು 2013ರಲ್ಲಿ ಸಂಗ್ರಹಿಸಿದ್ದ ಲೈಡಾರ್ ದತ್ತಾಂಶವನ್ನು ಪುರಾತತ್ತ್ವಜ್ಞರು ಮತ್ತೆ ತೆರೆದು ನೋಡಿ, ಆರು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಕಂಡರು. ಬೇರೆಯವರು ಬೇರೆ ಉದ್ದೇಶಕ್ಕೆ ಅಳೆದದ್ದನ್ನು ಹೀಗೆ ಬಳಸಿಕೊಂಡದ್ದು ನಿಜಕ್ಕೂ ಒಳ್ಳೆಯ ಕೆಲಸ. ಸುದ್ದಿ ಹೊರಬಿದ್ದಾಗ ಸಂಶೋಧಕರು ಇನ್ನೂ ಸ್ಥಳಕ್ಕೆ ಹೋಗಿರಲಿಲ್ಲ, ಹಾಗೆಂದು ಹೇಳಿಯೂ ಇದ್ದರು. ಉಪಾನೊ ಮತ್ತು ವಲೇರಿಯಾನ ಎರಡೂ ಗಟ್ಟಿ ಸಂಶೋಧನೆಗಳೇ. ಆದರೆ ಎರಡೂ ಇರುವ ಹಂತ ಬೇರೆ ಬೇರೆ. ಆ ಹಂತ ಯಾವುದೆಂದು ತಿಳಿಸಲು ವರದಿಯಲ್ಲಿ ಒಂದು ವಾಕ್ಯ ಸಾಕು.

ಲೇಸರ್ ನಕ್ಷೆ ಎಂದರೆ ಕಾಡನ್ನು ಎತ್ತಿಟ್ಟು ತೆಗೆದ ಫೋಟೊ ಎಂಬ ಕಲ್ಪನೆ ಜನರಲ್ಲಿದೆ. ನಡೆಯುವ ಕೆಲಸ ಬೇರೆ. ವಿಮಾನದಿಂದ ಹೊರಟ ಲೇಸರ್ ಮಿಡಿತಗಳಲ್ಲಿ ಹೆಚ್ಚಿನವು ಎಲೆಗೆ, ಕೊಂಬೆಗೆ ಬಡಿದು ವಾಪಸಾಗುತ್ತವೆ. ಸಂದಿಯಲ್ಲಿ ನುಸುಳಿದ ಕೆಲವು ಮಾತ್ರ ನೆಲ ಮುಟ್ಟುತ್ತವೆ. ಯಾವ ಬಿಂದು ನೆಲದ್ದು, ಯಾವುದು ಗಿಡದ್ದು ಎಂದು ಆಮೇಲೆ ತಂತ್ರಾಂಶ ವಿಂಗಡಿಸುತ್ತದೆ. ಚದರ ಮೀಟರಿಗೆ ಹದಿನೈದು ಬಿಂದು ಸಿಕ್ಕಿವೆ ಎಂದು ಹೇಳಿಕೊಂಡರೂ ದಟ್ಟ ಕಾಡಿನಲ್ಲಿ ನೆಲದ ಬಿಂದುಗಳು ಒಂದೆರಡೇ ಇರಬಹುದು, ಕೆಲವೆಡೆ ಅದೂ ಇರುವುದಿಲ್ಲ. ಆದ್ದರಿಂದ ಕೇಳಬೇಕಾದ್ದು ನೆಲದ ಬಿಂದುಗಳ ಲೆಕ್ಕವನ್ನು. ವಿಂಗಡಣೆಯ ಮಿತಿ ಬಿಗಿಯಾದರೆ ಪೊದೆಯಡಿ ಇರುವ ಮೊಣಕಾಲೆತ್ತರದ ಕಲ್ಲುಗುಪ್ಪೆಯನ್ನು ತಂತ್ರಾಂಶ ‘ಗಿಡ’ ಎಂದು ಅಳಿಸಿಹಾಕುತ್ತದೆ. ಸಡಿಲವಾದರೆ ಬಿದ್ದ ಮರದ ದಿಮ್ಮಿ ಗೋಡೆಯಾಗಿ ಉಳಿದುಬಿಡುತ್ತದೆ. ನಕ್ಷೆಯನ್ನು ಹೆಣೆಯುವ ಚೌಕಗಳು (ಗ್ರಿಡ್) ಒಂದು ಮೀಟರಿನವಾದರೆ ಅರ್ಧ ಮೀಟರ್ ದಪ್ಪದ, ಗೇಣೆತ್ತರದ ಗೋಡೆ ಕರಗಿಹೋಗುತ್ತದೆ. ಬಡವರ ಮನೆಗಳು ಇದ್ದದ್ದು ಸಾಮಾನ್ಯವಾಗಿ ಅಂಥ ಗೋಡೆಗಳ ಮೇಲೆಯೇ, ಅಥವಾ ಅಷ್ಟೂ ಇಲ್ಲದ ಬರಿ ನೆಲದ ಮೇಲೆ. ಹೀಗಾಗಿ ಅರಮನೆ, ದೇಗುಲ, ಕಟ್ಟೆಗಳು ನಕ್ಷೆಯಲ್ಲಿ ಢಾಳಾಗಿ ಕಾಣುತ್ತವೆ, ಸಾಮಾನ್ಯರ ಕೇರಿ ಕಾಣೆಯಾಗುತ್ತದೆ. ಇದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಕೊರತೆ.

ಎತ್ತರದ ದತ್ತಾಂಶವನ್ನು ಕಣ್ಣಿಗೆ ಕಾಣಿಸಲು ನೆರಳು-ಬೆಳಕಿನ ಚಿತ್ರ ಮಾಡುತ್ತಾರೆ. ಹೆಚ್ಚಿನ ತಂತ್ರಾಂಶಗಳು ತಾವಾಗಿಯೇ ಬೆಳಕನ್ನು ವಾಯವ್ಯದಿಂದ, 315 ಡಿಗ್ರಿ ದಿಕ್ಕಿನಿಂದ, 45 ಡಿಗ್ರಿ ಎತ್ತರದಲ್ಲಿ ಬಿಡುತ್ತವೆ. ಆಗ ಈಶಾನ್ಯದಿಂದ ನೈರುತ್ಯಕ್ಕೆ ಸಾಗುವ ದಂಡೆಗೆ ಒಳ್ಳೆಯ ನೆರಳು ಬೀಳುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ, ಬೆಳಕಿನ ದಿಕ್ಕಿನಲ್ಲೇ ಸಾಗುವ ದಂಡೆಗೆ ನೆರಳೇ ಇಲ್ಲ, ಅದು ಮಾಯ. ಅದೇ ದತ್ತಾಂಶದ ಮೇಲೆ ಹದಿನಾರು ದಿಕ್ಕಿನಿಂದ ಬೆಳಕು ಬಿಟ್ಟು ನೋಡಿದರೆ, ಅಥವಾ ಪ್ರತಿ ಬಿಂದುವಿನಿಂದ ಆಕಾಶ ಎಷ್ಟು ಭಾಗ ಕಾಣುತ್ತದೆ ಎಂಬ ಲೆಕ್ಕದಿಂದ ಚಿತ್ರ ಮಾಡಿದರೆ, ಇಡೀ ಬೀದಿಯೇ ಎದ್ದು ಬರುವುದುಂಟು. ಪತ್ರಿಕೆಯಲ್ಲಿ ಅಚ್ಚಾಗುವ ಬೂದುಬಣ್ಣದ ಸುಂದರ ಚಿತ್ರ ಇಂಥ ಹಲವು ಆಯ್ಕೆಗಳಲ್ಲಿ ಒಂದು ಮಾತ್ರ.

ಕಾಡಿಲ್ಲದ ಬಯಲು ನಾಡಿಗೆ ಹಳೆಯ ಉಪಗ್ರಹ ಚಿತ್ರಗಳು ಇನ್ನೂ ಉಪಕಾರಿ. ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ 8.6 ಲಕ್ಷಕ್ಕೂ ಹೆಚ್ಚು ಚಿತ್ರಗಳ ಗೋಪ್ಯತೆಯನ್ನು 1995ರಲ್ಲಿ ತೆರವು ಮಾಡಲಾಯಿತು. ಒಳ್ಳೆಯ ಚಿತ್ರಗಳಲ್ಲಿ ಎರಡು ಮೀಟರಿನ ವಸ್ತು ಗುರುತಿಗೆ ಬರುತ್ತದೆ. ಆಮೇಲೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ, ಟ್ರ್ಯಾಕ್ಟರಿನಿಂದ ಮಟ್ಟವಾದ, ನಗರ ನುಂಗಿದ ಎಷ್ಟೋ ಊರದಿಬ್ಬಗಳು, ಅಂದರೆ ಹಳೆಯ ಊರುಗಳ ಅವಶೇಷ ಕೂಡಿ ಎದ್ದ ದಿಬ್ಬಗಳು, ಈ ಚಿತ್ರಗಳಲ್ಲಿ ಹಾಗೇ ಇವೆ. ಸಿರಿಯಾ ಮತ್ತು ಇರಾಕಿನ ಉತ್ತರ ಭಾಗದಲ್ಲಿ, ಊರದಿಬ್ಬಗಳಿಂದ ಹೊಲದತ್ತ ಹೊರಟ ತಗ್ಗುದಾರಿಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ನಾಲ್ಕೈದು ಸಾವಿರ ವರ್ಷದ ಹಿಂದೆ ಜನ, ಕುರಿ, ಎತ್ತು ನಡೆದು ನಡೆದು ಸವೆದ ದಾರಿಗಳವು. ದಾರಿ ಎಲ್ಲಿ ಮಸಕಾಗುತ್ತದೋ ಅಲ್ಲಿಗೆ ಉಳುಮೆಯ ಎಲ್ಲೆ ಮುಗಿದು ಗೋಮಾಳ ಶುರು ಎಂದು ಅಂದಾಜಿಸುತ್ತಾರೆ. ಊರಿನ ಗುರುತಿನ ಜೊತೆಗೆ ಆ ಊರಿನ ಹೊಲದ ಅಳತೆಯೂ ಒಂದೇ ಚಿತ್ರದಲ್ಲಿ ಸಿಗುವುದು ಪುರಾತತ್ತ್ವದಲ್ಲಿ ಅಪರೂಪ.

ಈ ಚಿತ್ರಗಳನ್ನು ಇಂದಿನ ನಕ್ಷೆಯ ಮೇಲೆ ಕೂರಿಸುವುದೇ ದೊಡ್ಡ ಕೆಲಸ. ಕ್ಯಾಮೆರಾ ಅಡ್ಡಡ್ಡ ತಿರುಗುತ್ತ ತೆಗೆದ ಉದ್ದನೆಯ ಪಟ್ಟಿ ಅದು. ನಡುವೆ ಅಳತೆ ಸರಿ ಇರುತ್ತದೆ, ಎರಡು ತುದಿಗಳತ್ತ ಹೋದಂತೆ ಕೆಡುತ್ತ ಹೋಗುತ್ತದೆ. ನಾಲ್ಕು ಮೂಲೆ ಹೊಂದಿಸಿ ಮುಗಿಸಿದರೆ ನಡುವಿನ ದಿಬ್ಬ ನೂರಾರು ಮೀಟರ್ ಸರಿದಿರುತ್ತದೆ. ಆಗಲೂ ಈಗಲೂ ಇರುವ ದಾರಿ ಕೂಡುಗಳು, ಸೇತುವೆಗಳು, ಹಳೆಯ ಕಟ್ಟಡದ ಮೂಲೆಗಳನ್ನು ಪಟ್ಟಿಯುದ್ದಕ್ಕೂ ಹಂಚಿದಂತೆ ಆರಿಸಿಕೊಳ್ಳಬೇಕು. ಅವುಗಳಲ್ಲಿ ಕೆಲವನ್ನು ಹೊಂದಾಣಿಕೆಗೆ ಬಳಸದೆ ಪರೀಕ್ಷೆಗೆಂದೇ ಎತ್ತಿಡಬೇಕು. ಹೊಂದಿಸಿದ ಬಿಂದುಗಳಲ್ಲೇ ತಪ್ಪನ್ನು ಅಳೆದರೆ ತಪ್ಪು ಕಡಿಮೆಯೆಂದೇ ಬರುತ್ತದೆ. ಡ್ರೋನಿಗೂ ಇದೇ ನಿಯಮ. ಚಿತ್ರಗಳು ಒಂದರ ಮೇಲೊಂದು ಶೇ 75-80ರಷ್ಟು ಹೊದ್ದಿರಬೇಕು. ಎಲ್ಲವನ್ನೂ ನೇರ ಕೆಳಮುಖವಾಗಿಯೇ ತೆಗೆದರೆ ಲೆನ್ಸಿನ ದೋಷ ಸೇರಿಕೊಂಡು ಸಪಾಟು ಹೊಲವೂ ಬೋಗುಣಿಯಂತೆಯೋ ಗುಮ್ಮಟದಂತೆಯೋ ಬಾಗುತ್ತದೆ. ಒಂದಷ್ಟು ಓರೆ ಚಿತ್ರಗಳು ಮತ್ತು ನೆಲದಲ್ಲಿ ಅಳೆದಿಟ್ಟ ಗುರುತುಗಳು ಇದನ್ನು ತಡೆಯುತ್ತವೆ.

ಯಾವ ಋತುವಿನ ಚಿತ್ರ ಎಂಬುದೂ ಮುಖ್ಯ. ಹೂತ ಕಂದಕದಲ್ಲಿ ತೇವ ನಿಲ್ಲುವುದರಿಂದ ಬರಗಾಲದಲ್ಲಿ ಅದರ ಮೇಲಿನ ಪೈರು ಹೆಚ್ಚು ದಿನ ಹಸಿರಾಗಿರುತ್ತದೆ. 2018ರ ಬೇಸಿಗೆಯ ಒಣಹವೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿಯ ಬಳಿ ಡ್ರೋನಿಗೆ ಕಂಡ ದೊಡ್ಡ ವೃತ್ತ ಹೀಗೆ ಹೊರಬಿದ್ದದ್ದು. ಮಳೆ ಚೆನ್ನಾದ ವರ್ಷ ಅದೇ ಹೊಲದ ಮೇಲೆ ಹಾರಿದ್ದರೆ ಏನೂ ಕಾಣುತ್ತಿರಲಿಲ್ಲ. ಈಶಾನ್ಯ ಸಿರಿಯಾದ 23,000 ಚದರ ಕಿಲೋಮೀಟರಿನಲ್ಲಿ ಸುಮಾರು 14,000 ನೆಲೆಗಳನ್ನು ಗುರುತಿಸಿದ 2012ರ ಅಧ್ಯಯನ ಒಂದೇ ಚಿತ್ರವನ್ನು ನಂಬದೆ ಬೇರೆ ಬೇರೆ ದಿನಗಳ ನೂರಕ್ಕೂ ಹೆಚ್ಚು ಚಿತ್ರಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಕಾರಣಕ್ಕೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಣ್ಣ ಕೋಷ್ಟಕ ನಕ್ಷೆಯನ್ನು ಕೆಡಿಸಬಲ್ಲದು. ಹಳೆಯ ವರದಿಯಲ್ಲಿ ಅಕ್ಷಾಂಶ 15 ಡಿಗ್ರಿ 30 ನಿಮಿಷ ಎಂದಿದೆ ಎನ್ನಿ. ದಶಮಾಂಶದಲ್ಲಿ ಅದು 15.50. ಯಾರೋ ಆತುರದಲ್ಲಿ 15.30 ಎಂದು ತುಂಬಿದರೆ ಆ ನೆಲೆ 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಬೀಳುತ್ತದೆ. ಅಲ್ಲಿ ಹೊಳೆಯಿದ್ದರೆ ‘ಹೊಳೆದಂಡೆಯ ಊರು’ ಎಂಬ ವಾದವೂ ಹುಟ್ಟುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾಗುವುದು, ಕೋಷ್ಟಕದಲ್ಲಿ ಖಾಲಿ ಬಿಟ್ಟ ಚೌಕವನ್ನು ಕಂಪ್ಯೂಟರ್ ಸೊನ್ನೆ ಎಂದು ಓದಿ ಆ ನೆಲೆಯನ್ನು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಇಡುವುದು ದಿನನಿತ್ಯದ ಮಾತು. ಇವು ಕಣ್ಣಿಗೆ ಬೀಳುವುದರಿಂದ ತಿದ್ದಿಕೊಳ್ಳಬಹುದು. ಹಳೆಯ ಮುದ್ರಿತ ನಕ್ಷೆಯ ಡೇಟಂ (ಅಕ್ಷಾಂಶ ರೇಖಾಂಶಗಳನ್ನು ಅಳೆಯಲು ಆಧಾರವಾಗಿಟ್ಟ ಭೂಮಿಯ ಮಾದರಿ) ಒಂದು, ಜಿಪಿಎಸ್ಸಿನದು ಇನ್ನೊಂದು ಆಗಿರುವುದು ಹೆಚ್ಚು ಅಪಾಯಕಾರಿ. ಆಗ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ನೂರಾರು ಮೀಟರ್ ಸರಿದಿರುತ್ತವೆ, ಒಟ್ಟು ವಿನ್ಯಾಸ ಹಾಗೇ ಇರುವುದರಿಂದ ಅನುಮಾನ ಬರುವುದಿಲ್ಲ. ಒಂದೇ ಬಿಂದು ದೂರ ಹೋಗಿದ್ದರೆ ಬೆರಳಚ್ಚಿನ ತಪ್ಪು, ಎಲ್ಲವೂ ಒಂದೇ ಕಡೆ ಸರಿದಿದ್ದರೆ ಡೇಟಂ ತಪ್ಪು ಎಂಬುದು ಮೊದಲ ಪರೀಕ್ಷೆ. ಮೊಬೈಲ್ ಫೋನಿನ ಜಿಪಿಎಸ್ ಬಯಲಿನಲ್ಲಿ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಒಂದು ಊರದಿಬ್ಬ ಎಲ್ಲಿದೆಯೆಂದು ಗುರುತಿಸಲು ಅಷ್ಟು ಸಾಕು. ಎರಡು ಗೋಡೆಗಳ ನಡುವಿನ ಅಂತರ ಅಳೆಯಲು ಸಾಲದು, ಅದಕ್ಕೆ ಸೆಂಟಿಮೀಟರ್ ನಿಖರತೆಯ ಆರ್‌ಟಿಕೆ ಜಿಪಿಎಸ್ ಅಥವಾ ಟೋಟಲ್ ಸ್ಟೇಷನ್ ಎಂಬ ಅಳತೆಯಂತ್ರ ಬೇಕು.

ಇನ್ನು ನಡಿಗೆಯ ಮಾತು. ನಮ್ಮ ಕೋರಿಕೆಯ ತಿರುಳಿರುವುದು ಇಲ್ಲಿ. ನೆಲೆಗಳ ಸಮೀಕ್ಷೆಯಲ್ಲಿ ಜನ ಸಾಲಾಗಿ ನಿಂತು, ಸಮಾನ ಅಂತರದಲ್ಲಿ, ನೆಲ ನೋಡುತ್ತ ನಡೆಯುತ್ತಾರೆ. ಮಡಕೆ ಚೂರು, ಕಲ್ಲಿನ ಚಕ್ಕೆ, ಕಬ್ಬಿಣದ ಕಿಟ್ಟ, ಬೂದಿಮಣ್ಣು ಕಂಡಲ್ಲಿ ಎಣಿಸಿ ಗುರುತು ಹಾಕುತ್ತಾರೆ. ಒಬ್ಬರಿಗೆ ಎಡಬಲ ಒಂದೊಂದು ಮೀಟರ್ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳೋಣ. ಇಪ್ಪತ್ತು ಮೀಟರ್ ಅಂತರದಲ್ಲಿ ನಡೆದರೆ ನಿಜಕ್ಕೂ ನೋಡಿದ ನೆಲ ಶೇ 10. ಇಬ್ಬರ ನಡುವೆ 18 ಮೀಟರ್ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ, ಹದಿನೈದು ಮೀಟರ್ ಅಗಲದ ಒಂದು ಒಕ್ಕಲಿನ ನೆಲೆ ಅದರೊಳಗೆ ಪೂರ್ತಿ ತಪ್ಪಿಸಿಕೊಳ್ಳಬಹುದು. ಅಂತರವನ್ನು ಐದು ಮೀಟರಿಗೆ ಇಳಿಸಿದರೆ ನೋಡಿದ ಪಾಲು ಶೇ 40ಕ್ಕೆ ಏರುತ್ತದೆ, ಆದರೆ ಅಷ್ಟೇ ಜನ ಅದೇ ಹೊತ್ತಿನಲ್ಲಿ ಕಾಲು ಭಾಗದಷ್ಟು ಪ್ರದೇಶ ಮುಗಿಸುತ್ತಾರೆ. ಉತ್ತ ಹೊಲದಲ್ಲಿ ನೆಲ ಪೂರ್ತಿ ಕಾಣುತ್ತದೆ. ಪೈರು ನಿಂತ ಹೊಲದಲ್ಲಿ, ಹುಲ್ಲುಗಾವಲಿನಲ್ಲಿ ಹತ್ತರಲ್ಲಿ ಒಂದು ಪಾಲೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ತುಂಡಿಗೂ ನೆಲ ಶೇಕಡಾ ಎಷ್ಟು ಕಾಣುತ್ತಿತ್ತು, ನಡೆದವರ ಅಂತರ ಎಷ್ಟು, ಯಾವ ತಿಂಗಳು ಎಂದು ದಾಖಲಿಸಬೇಕು. ಹುಲ್ಲಿನಲ್ಲಿ ಸಿಕ್ಕ ಐದು ಚೂರು ಉತ್ತ ಹೊಲದ ಐವತ್ತಕ್ಕೆ ಸಮವಿರಬಹುದು.

ಡಿಜಿಟಲ್ ನಕ್ಷೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಪದರ ಇರಬೇಕು. ನಡೆದ ಹೊಲಗಳು ಒಂದು ಬಣ್ಣ, ಪ್ರವೇಶ ಸಿಗದ್ದು ಇನ್ನೊಂದು, ಚಿತ್ರದಲ್ಲಷ್ಟೇ ನೋಡಿದ್ದು ಮತ್ತೊಂದು. ಈ ಪದರವನ್ನು ಬಿಟ್ಟು ಬರಿ ನೆಲೆಗಳ ಚುಕ್ಕಿಗಳನ್ನು ಮುದ್ರಿಸಿದಾಗ, ರಸ್ತೆಬದಿಯಲ್ಲಿ ಚುಕ್ಕಿಗಳು ಗುಂಪುಗೂಡಿ, ಬೆಟ್ಟದ ಆಚೆ ಬೋಳಾಗಿ ಕಾಣುತ್ತದೆ. ಹಿಂದಿನವರು ರಸ್ತೆ ಇರುವಲ್ಲಿ ವಾಸವಿದ್ದರು ಎಂದು ಇದರ ಅರ್ಥವಲ್ಲ, ಇಂದಿನ ಸಂಶೋಧಕರ ಜೀಪು ಅಲ್ಲಿಯವರೆಗೆ ಹೋಗುತ್ತದೆ ಎಂದಷ್ಟೆ. ಅಂಥ ಚುಕ್ಕಿಗಳನ್ನೇ ಕಲಿಸಿ, ಊರು ಎಲ್ಲೆಲ್ಲಿ ಇರಬಹುದೆಂದು ಕಂಪ್ಯೂಟರಿಗೆ ಕೇಳಿದರೆ ಅದು ಮತ್ತೆ ರಸ್ತೆಬದಿಯನ್ನೇ ತೋರಿಸುತ್ತದೆ. ಹೊಳೆಯ ಬಯಲುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಹಳೆಯ ನೆಲೆಗಳು ಮೀಟರುಗಟ್ಟಲೆ ಮೆಕ್ಕಲಿನಡಿ ಇರುತ್ತವೆ, ನಡೆದರೂ ಹಾರಿದರೂ ಕಾಣುವುದಿಲ್ಲ. ನೆಲಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು ನೋಡಿದಲ್ಲಿ ಮಾತ್ರ ‘ಇಲ್ಲ’ ಎನ್ನುವ ಅಧಿಕಾರ ಬರುತ್ತದೆ.

ಚುಕ್ಕಿಗಳಿಂದ ಜನಸಂಖ್ಯೆಗೆ ಜಿಗಿಯುವಾಗ ಹೆಚ್ಚಿನ ಎಚ್ಚರ ಬೇಕು. ಮಡಕೆಯ ಅಂಚು, ಬಣ್ಣ, ಅಲಂಕಾರ ನೋಡಿ ನೆಲೆಯ ಕಾಲ ನಿರ್ಧರಿಸುತ್ತಾರೆ. ಒಂದು ಬಗೆಯ ಮಡಕೆ 300 ವರ್ಷ ಬಳಕೆಯಲ್ಲಿತ್ತು, ಆ ಕಾಲದ 30 ನೆಲೆಗಳು ಸಿಕ್ಕವು ಎನ್ನೋಣ. ಒಂದೊಂದರಲ್ಲೂ ಜನ ನೂರು ವರ್ಷ ಇದ್ದು ಜಾಗ ಬದಲಿಸಿದ್ದರೆ, ಯಾವುದೇ ಒಂದು ದಿನ ಜೀವಂತವಾಗಿದ್ದ ಊರುಗಳು ಸರಾಸರಿ ಹತ್ತೇ. ಮೂವತ್ತನ್ನೂ ಒಟ್ಟಿಗೆ ಗುಣಿಸಿದರೆ ಜನಸಂಖ್ಯೆ ಮೂರು ಪಟ್ಟು ಉಬ್ಬುತ್ತದೆ. ಕೋಷ್ಟಕದಲ್ಲಿ ನೆಲೆಗೊಂದು ಸಾಲು ಬರೆಯುವ ಬದಲು, ಪ್ರತಿ ನೆಲೆಯ ಪ್ರತಿ ಕಾಲಘಟ್ಟಕ್ಕೂ ಒಂದೊಂದು ಸಾಲು ಬರೆದು, ಆ ಕಾಲದ ವಿಸ್ತೀರ್ಣ ಮತ್ತು ನಂಬಿಕೆಯ ಮಟ್ಟವನ್ನು ಪಕ್ಕದಲ್ಲೇ ನಮೂದಿಸಿದರೆ ಈ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಉತ್ತರ ಗ್ವಾಟೆಮಾಲಾದಲ್ಲಿ 2,144 ಚದರ ಕಿಲೋಮೀಟರ್ ಲೈಡಾರ್ ಮಾಡಿ 61,480 ಕಟ್ಟಡಗಳನ್ನು ಗುರುತಿಸಿದ 2018ರ ಅಧ್ಯಯನ, ಮಾಯಾ ಮಧ್ಯ ತಗ್ಗುನಾಡಿನ ಜನಸಂಖ್ಯೆಯನ್ನು 70 ಲಕ್ಷದಿಂದ 1.1 ಕೋಟಿ ಎಂದು ವ್ಯಾಪ್ತಿಯಲ್ಲಿ ಹೇಳಿತು. ಬಹಳ ವರದಿಗಳು ಮೇಲಿನ ಅಂಕಿಯನ್ನಷ್ಟೇ ಎತ್ತಿಕೊಳ್ಳುತ್ತವೆ. ದಯವಿಟ್ಟು ಎರಡನ್ನೂ ಅಚ್ಚುಮಾಡಿ.

ಪ್ರಾಚೀನ ದಾರಿಗಳನ್ನು ಕಂಪ್ಯೂಟರ್ ಎಳೆದುಕೊಡುವ ನಕ್ಷೆಗಳ ಬಗ್ಗೆಯೂ ಒಂದು ಮಾತು. ಇಳಿಜಾರಿಗೆ ತಕ್ಕಂತೆ ನಡಿಗೆಯ ವೇಗ ಬದಲಾಗುತ್ತದೆ ಎಂಬ ಸೂತ್ರವೇ ಇವುಗಳ ಬುನಾದಿ. 1993ರ ಟೋಬ್ಲರ್ ಸೂತ್ರದ ಪ್ರಕಾರ ಸಪಾಟು ನೆಲದಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ತುಸು ಇಳುಕಲಿನಲ್ಲಿ 6. ಹೊರೆ ಹೊತ್ತವರಿಗೆ, ಬಂಡಿಗೆ, ಮಳೆಗಾಲದ ಕೆಸರಿಗೆ ಈ ಸೂತ್ರ ಹೊಂದುವುದಿಲ್ಲ. ನೆಲದಲ್ಲಿ ಸವೆದ ದಾರಿಯೊಂದಿಗೆ ಹೋಲಿಸುವವರೆಗೆ ಅಂಥ ಗೆರೆಯನ್ನು ‘ಸಾಧ್ಯ ದಾರಿ’ ಎಂದೇ ಕರೆಯಬೇಕು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಪೆರುವಿನ ನಾಸ್ಕಾ ಮರುಭೂಮಿಯ ಕೆಲಸ ಒಳ್ಳೆಯ ಮಾದರಿ. ಅದು ವಸತಿಯ ಅಧ್ಯಯನವಲ್ಲ, ನೆಲದ ಮೇಲೆ ಬಿಡಿಸಿದ ಚಿತ್ರಗಳದ್ದು, ಆದರೆ ವಿಧಾನ ಅದೇ. ಕಂಪ್ಯೂಟರ್ ತೋರಿಸಿದ ಸುಮಾರು 36 ಜಾಗಗಳಿಗೆ ಒಂದರಂತೆ ಮಾತ್ರ ತಜ್ಞರಿಗೆ ಹೌದೆನಿಸಿತು. ಆಮೇಲೆ ಆರು ತಿಂಗಳ ಕ್ಷೇತ್ರಕಾರ್ಯದಲ್ಲಿ 303 ಹೊಸ ಚಿತ್ರಗಳು ಖಚಿತವಾದವು, ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ತಳ್ಳಿಹಾಕಿದ್ದರ ಲೆಕ್ಕವನ್ನೂ ಕೊಟ್ಟದ್ದರಿಂದ ಆ 303ರ ಮೇಲೆ ಭರವಸೆ ಮೂಡುತ್ತದೆ.

ನಿಮ್ಮ ವರದಿಗಾರರಿಗೆ ನಮ್ಮ ಕೋರಿಕೆ ಇಷ್ಟು. ಹೊಸ ನೆಲೆಗಳ ಸುದ್ದಿ ಬರೆಯುವಾಗ ಸಂಶೋಧಕರನ್ನು ನಾಲ್ಕು ಪ್ರಶ್ನೆ ಕೇಳಿ: ಗುರುತಿಸಿದ್ದರಲ್ಲಿ ಸ್ಥಳಕ್ಕೆ ಹೋಗಿ ನೋಡಿದ್ದೆಷ್ಟು? ನೋಡಿದಾಗ ಸುಳ್ಳಾದದ್ದೆಷ್ಟು? ಕಾಲ ನಿರ್ಧರಿಸಿದ್ದು ಯಾವುದರಿಂದ? ಹುಡುಕದೆ ಬಿಟ್ಟ ಪ್ರದೇಶ ಎಷ್ಟು? ಒಳ್ಳೆಯ ಸಂಶೋಧಕರ ಬಳಿ ನಾಲ್ಕಕ್ಕೂ ಉತ್ತರ ಇರುತ್ತದೆ, ಅವರು ಈ ಪ್ರಶ್ನೆಗಳಿಗೆ ಬೇಸರಪಡುವವರಲ್ಲ. ನಕ್ಷೆ ಅಚ್ಚುಮಾಡುವಾಗ ಅಳತೆಪಟ್ಟಿ, ಉತ್ತರ ದಿಕ್ಕು, ಚಿತ್ರ ತೆಗೆದ ವರ್ಷ ಇವನ್ನು ಪುಟವಿನ್ಯಾಸಕ್ಕಾಗಿ ಕತ್ತರಿಸಬೇಡಿ. ಸುತ್ತಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿದ್ದ ದಿಬ್ಬವನ್ನು ‘ಯಾರಿಗೂ ತಿಳಿಯದ’ ಎನ್ನಬೇಡಿ. ದಿಬ್ಬದ ಹೆಸರು, ಕಲ್ಲು ಕಿತ್ತು ಸಾಗಿಸಿದ ವರ್ಷ, ಉಳುವಾಗ ಮಡಕೆ ಸಿಕ್ಕ ಮೂಲೆ ಇವನ್ನೆಲ್ಲ ಸಮೀಕ್ಷೆಯವರು ಕೇಳಿ ತಿಳಿಯುವುದು ಅವರಿಂದಲೇ.

ಇವೆಲ್ಲಕ್ಕಿಂತ ತುರ್ತಿನ ಮಾತು ಸ್ಥಳದ ಗುಟ್ಟಿನದು. ಕಾವಲಿಲ್ಲದ ನೆಲೆಯ ನಿಖರ ಅಕ್ಷಾಂಶ ರೇಖಾಂಶ ಪ್ರಕಟವಾದರೆ ನಿಧಿಗಳ್ಳರಿಗೆ ವಿಳಾಸ ಕೊಟ್ಟಂತೆ. ದಶಮಾಂಶದ ನಂತರ ಐದು ಅಂಕಿ ಕೊಟ್ಟರೆ ಒಂದು ಮೀಟರ್ ಹತ್ತಿರಕ್ಕೆ ಕರೆದೊಯ್ಯುತ್ತದೆ, ಒಂದೇ ಅಂಕಿ ಕೊಟ್ಟರೆ ಸುಮಾರು 11 ಕಿಲೋಮೀಟರ್ ಅಗಲದ ಚೌಕ. ಓದುಗರಿಗೆ ಎರಡನೆಯದು ಧಾರಾಳ ಸಾಕು. ನಕ್ಷೆಯಲ್ಲಿ ಹತ್ತಿರದ ಹೊಳೆಯ ತಿರುವು, ಕವಲುದಾರಿ ಕಾಣುವಂತಿದ್ದರೆ ಅಂಕಿ ಮುಚ್ಚಿಟ್ಟೂ ಪ್ರಯೋಜನವಿಲ್ಲ, ಆ ಭಾಗವನ್ನೂ ಮಸುಕುಗೊಳಿಸಬೇಕು. ಮೊಬೈಲಿನಲ್ಲಿ ತೆಗೆದ ಫೋಟೊಗಳ ಕಡತದೊಳಗೆ ಸ್ಥಳದ ಗುರುತು ತಾನಾಗಿ ಸೇರಿರುತ್ತದೆ. ಅಚ್ಚಿನ ಪುಟದಲ್ಲಿ ಅದರಿಂದ ತೊಂದರೆಯಿಲ್ಲ. ಅದೇ ಫೋಟೊವನ್ನು ಮೂಲ ಕಡತವಾಗಿಯೇ ಜಾಲತಾಣಕ್ಕೆ ಏರಿಸಿದರೆ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಏರಿಸುವ ಮೊದಲು ಆ ಮಾಹಿತಿಯನ್ನು ಅಳಿಸುವಂತೆ ನಿಮ್ಮ ಆನ್‌ಲೈನ್ ವಿಭಾಗಕ್ಕೆ ಸೂಚಿಸಬೇಕೆಂದು ವಿನಂತಿ.

ಇಂತಿ,
ಪ್ರಾಚೀನ ನೆಲೆಗಳ ಸಮೀಕ್ಷೆ ಮತ್ತು ನಕ್ಷೆ ತಯಾರಿಕೆಯಲ್ಲಿ ತೊಡಗಿರುವ ಓದುಗರು